ಟರ್ಮ್ ಇನ್ಶೂರೆನ್ಸ್‌ಗೆ ರಕ್ತ ಕೊಟ್ಟಾಗ ಗೊತ್ತಾಯಿತು: ಸಿಂದಗಿಯಿಂದ ಪೀಣ್ಯಕ್ಕೆ ಬಂದವನ ಊಟದ ಲೆಕ್ಕ

ಪಾಲಿಸಿ ಪತ್ರ ಹೋದ ವಾರ ಕೈಗೆ ಬಂತು. ಇದಕ್ಕಾಗಿ ಹೆಚ್ಚುಕಮ್ಮಿ ಒಂದು ವರ್ಷ ಓಡಾಡಿದ್ದೇನೆ. ವಿಮೆಗೆ ಅರ್ಜಿ ಹಾಕಿದ್ದು, ಅದು ಮುಂದಕ್ಕೆ ಹೋಗಿದ್ದು, ಶುಗರ್ ಗಡಿಗೆ ಬಂದಿದೆ ಅಂತ ತಿಳಿದದ್ದು, ಊಟ ತಿದ್ದಿಕೊಂಡದ್ದು ಎಲ್ಲ ಒಂದಕ್ಕೊಂದು ಗಂಟು ಬಿದ್ದಿತ್ತು. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಬಂದು ಹತ್ತು-ಹದಿನೈದು ವರ್ಷ ಆದವರು ನಮ್ಮ ಕಾರ್ಖಾನೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಕೇಳುವ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮೂರು ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕು. 2011ರಲ್ಲಿ ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೆ ಬಂದೆ. ಮೊದಲು ಮಷಿನ್ ಮುಂದೆ ನಿಂತು ಕೆಲಸ. ಆಮೇಲೆ ಕ್ವಾಲಿಟಿ ವಿಭಾಗ, ಕುರ್ಚಿ, ಕಂಪ್ಯೂಟರ್. ಮಗಳು ಹುಟ್ಟಿದ ಮೇಲೆ ಒಂದು ಟರ್ಮ್ ಇನ್ಶೂರೆನ್ಸ್ (ನಾನು ಹೋದರೆ ಮನೆಯವರಿಗೆ ದುಡ್ಡು ಸಿಗುವ ವಿಮೆ) ಇರಲಿ ಅನಿಸಿತು. ಐವತ್ತು ಲಕ್ಷಕ್ಕೆ ಅರ್ಜಿ ಹಾಕಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿರುವಾಗ ಹುಡುಗನೊಬ್ಬ ಮನೆಗೇ ಬಂದು ರಕ್ತ, ಮೂತ್ರ ತೆಗೆದುಕೊಂಡು ಹೋದ. ಇಸಿಜಿ ಇನ್ನೊಂದು ಕಡೆ. ಖರ್ಚೆಲ್ಲ ಕಂಪನಿಯದೇ.

ಆಮೇಲೆ ಸದ್ದಿಲ್ಲ. ಎರಡು-ಮೂರು ವಾರ ಕಾದ ಮೇಲೆ ಒಂದು ಮೇಲ್ ಬಂತು. ವೈದ್ಯಕೀಯ ಕಾರಣಕ್ಕೆ ನಿಮ್ಮ ಅರ್ಜಿ ಆರು ತಿಂಗಳು ಮುಂದೂಡಲಾಗಿದೆ. ಅಷ್ಟೇ. ಏನು ಕಾರಣ ಅಂತ ಒಂದು ಸಾಲೂ ಇಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಾರ್ಟ್ ಇರಬಹುದಾ, ಕಿಡ್ನಿ ಇರಬಹುದಾ ಅಂತ ಮೊಬೈಲ್‌ನಲ್ಲಿ ಹುಡುಕುತ್ತಾ ಕೂತೆ. ಮನೆಯವಳಿಗೆ ಮಾರನೇ ದಿನ ಹೇಳಿದೆ.

ಏಜೆಂಟ್‌ಗೆ ಫೋನ್ ಮಾಡಿದರೆ ಅವನ ಸಲಹೆ ಇನ್ನೂ ಚೆಂದ. "ಬೇರೆ ಕಂಪನಿಗೆ ಹಾಕೋಣ ಸರ್, ಇದನ್ನ ಅಲ್ಲಿ ಹೇಳೋದೇ ಬೇಡ." ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ಹಿಂದೆ ಯಾವುದಾದರೂ ಅರ್ಜಿ ತಿರಸ್ಕಾರ ಆಗಿದೆಯಾ, ಮುಂದೂಡಲಾಗಿದೆಯಾ ಅಂತ ಫಾರಂನಲ್ಲೇ ಕೇಳುತ್ತಾರೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವ ಹಾಗಿಲ್ಲ. ಆದರೆ ಅದರೊಳಗೆ ಏನಾದರೂ ಆದರೆ ಮುಚ್ಚಿಟ್ಟದ್ದೇ ನೆಪವಾಗಿ ಹೆಂಡತಿ ಮಕ್ಕಳಿಗೆ ಒಂದು ರೂಪಾಯಿ ಸಿಗದೆ ಹೋಗಬಹುದು. ಹಾಗಾದರೆ ಪಾಲಿಸಿ ಮಾಡಿಸಿ ಪ್ರಯೋಜನ ಏನು?

ನನಗೆ ಬೇಕಿದ್ದದ್ದು ನನ್ನದೇ ರಕ್ತದ ವರದಿ. ಕಾಲ್ ಸೆಂಟರ್‌ನಲ್ಲಿ ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಕಡೆಗೆ ಅವರ ದೂರು ಅಧಿಕಾರಿಗೆ ಮೇಲ್ ಬರೆದೆ. ಅರ್ಜಿ ಸಂಖ್ಯೆ, ರಕ್ತ ಕೊಟ್ಟ ದಿನಾಂಕ, ಗುರುತಿನ ಚೀಟಿಯ ಪ್ರತಿ ಹಚ್ಚಿದೆ. ವರದಿ ಕೊಡದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ದೂರು ಪೋರ್ಟಲ್‌ಗೆ ಹೋಗುತ್ತೇನೆ ಅಂತ ಕೊನೆಯ ಸಾಲಲ್ಲಿ ಸೇರಿಸಿದೆ. ಪಿಡಿಎಫ್ ಬಂತು. ಕೇಳುವಾಗ ಬರವಣಿಗೆಯಲ್ಲೇ ಕೇಳಿ, ಫೋನ್‌ನಲ್ಲಿ ಕೇಳಿದ್ದಕ್ಕೆ ಲೆಕ್ಕವೇ ಇಲ್ಲ.

ಅದರಲ್ಲಿ ಎಚ್‌ಬಿಎ1ಸಿ 6.4 ಇತ್ತು. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 238. ಉಳಿದದ್ದೆಲ್ಲ ಸರಿ.

ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್. 5.7ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ. 5.7ರಿಂದ 6.4 ಗಡಿ. 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ. ನಾನು ಬೇಲಿ ಮೇಲೆ ಒಂದು ಕಾಲು ಹಾಕಿದ್ದೆ. ನಂಬಲಿಕ್ಕೆ ಆಗಲಿಲ್ಲ. ವಯಸ್ಸು ಮೂವತ್ತೈದು, ತೂಕ 68 ಕೆಜಿ, ನೋಡಿದವರು ದಪ್ಪ ಅನ್ನಲ್ಲ. ನಾನು ಕುಡಿಯಲ್ಲ. ಪಿಜ್ಜಾ, ಬರ್ಗರ್ ನನಗೆ ಸೇರುವುದೇ ಇಲ್ಲ. ಮನೆಯಲ್ಲಿ ಸಸ್ಯಾಹಾರ.

ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ವರದಿ ನೋಡಿದರು, ಮಾತ್ರೆ ಬರೆದರು, ಒಂದು ಪ್ರಿಂಟೆಡ್ ಹಾಳೆ ಕೊಟ್ಟರು. ಓಟ್ಸ್, ಬ್ರೌನ್ ಬ್ರೆಡ್, ಕಾರ್ನ್‌ಫ್ಲೇಕ್ಸ್, ಆಲಿವ್ ಎಣ್ಣೆ. ಆ ಹಾಳೆಯಲ್ಲಿ ರೊಟ್ಟಿ ಇಲ್ಲ, ಮುದ್ದೆ ಇಲ್ಲ, ಅನ್ನದ ಹೆಸರೂ ಇಲ್ಲ. ಯಾವ ದೇಶದವರಿಗೆ ಮಾಡಿದ ಪಟ್ಟಿಯೋ ಏನೋ. ಸುಮ್ನೆ ಮಡಚಿ ಜೇಬಿಗೆ ಇಟ್ಟುಕೊಂಡೆ.

ಸಹೋದ್ಯೋಗಿಯೊಬ್ಬ ಹೇಳಿದ ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆ. ಫೀಸು 700 ರೂಪಾಯಿ, ಕಾಯಬೇಕಾದದ್ದು ಮಧ್ಯಾಹ್ನ ಪೂರ್ತಿ. ಆದರೆ ಕಾದದ್ದಕ್ಕೆ ಬೆಲೆ ಬಂತು. ಅವರು ಮೊದಲು ಟೇಪ್ ತೆಗೆದು ಸೊಂಟ ಅಳೆದರು. 94 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು, ಹೆಂಗಸರಿಗೆ 80. ತೂಕದ ಲೆಕ್ಕವೂ ನಮಗೆ ಬೇರೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೇ ಹೆಚ್ಚು ತೂಕ ಅಂತ ಹಿಡಿಯುತ್ತಾರೆ. ನನ್ನದು 24. ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ಇದು ನಮ್ಮ ಕಡೆ ತೀರಾ ಸಾಮಾನ್ಯವಂತೆ.

ಹಿಮೋಗ್ಲೋಬಿನ್ ಮತ್ತು ವಿಟಮಿನ್ ಬಿ12 ಕೂಡ ಮಾಡಿಸಿ ಅಂದರು. ಕಬ್ಬಿಣದ ಅಂಶ ಅಥವಾ ಬಿ12 ಕಡಿಮೆ ಇದ್ದರೆ ಎಚ್‌ಬಿಎ1ಸಿ ಸುಳ್ಳು ಹೇಳಿ ಸ್ವಲ್ಪ ಮೇಲೆ ತೋರಿಸಬಹುದು. ಸಸ್ಯಾಹಾರಿಗಳು, ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಕೇಳಿಯೇ ಮಾಡಿಸಿ. ನನಗೆ ಹಿಮೋಗ್ಲೋಬಿನ್ ಸರಿ ಇತ್ತು, ಬಿ12 ಕೆಳಗಿತ್ತು. ಅದಕ್ಕೇ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳೋಣ ಅಂದರು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವುದು.

ಇದಕ್ಕೆ ಹೋಗುವವರಿಗೆ ಒಂದು ಮಾತು. ಹಿಂದಿನ ಮೂರು ದಿನ ಎಂದಿನ ಹಾಗೇ ಊಟ ಮಾಡಿ, ಉಪವಾಸ ಮಾಡಬೇಡಿ. ಎರಡು ಗಂಟೆ ಅಲ್ಲೇ ಕೂರಬೇಕು, ಅಡ್ಡಾಡಬಾರದು, ಕಾಫಿ-ಟೀ ಇಲ್ಲ. ನಾನು ಮೊದಲು ಹೋದ ಲ್ಯಾಬ್‌ನಲ್ಲಿ "ಹೊರಗೆ ಸುತ್ತಾಡಿಕೊಂಡು ಬನ್ನಿ" ಅಂದರು. ಎದ್ದು ಬೇರೆ ಲ್ಯಾಬ್‌ಗೆ ಹೋದೆ. ಗ್ಲೂಕೋಸ್ ನೀರು ಅಸಾಧ್ಯ ಸಿಹಿ, ನಿಂಬೆಹಣ್ಣು ಹಿಂಡಿಕೊಡುತ್ತಾರಾ ಕೇಳಿ. ಎರಡು ಗಂಟೆ ಬಿಟ್ಟು ನನ್ನದು 172. 140 ಒಳಗೆ ಇರಬೇಕಿತ್ತು, 200 ಮುಟ್ಟಿದರೆ ಕಾಯಿಲೆ. ಅಂದರೆ ಗಡಿ ಅನ್ನುವುದು ನಿಜವೇ.

ಡಾಕ್ಟರ್ ಆಗ ಕೇಳಿದ ಪ್ರಶ್ನೆ ಇದು: "ಬೆಂಗಳೂರಿಗೆ ಬರೋ ಮುಂಚೆ ಏನು ತಿಂತಿದ್ರಿ? ಈಗ ಏನು ತಿಂತೀರಿ? ಪಕ್ಕಪಕ್ಕ ಬರ್ಕೊಂಡು ಬನ್ನಿ."

ಒಂದು ವಾರ ಬರೆದೆ. ಎಡಗಡೆ ಊರು. ಬೆಳಿಗ್ಗೆ ಬಿಸಿ ರೊಟ್ಟಿ, ರಾತ್ರಿಯ ಪಲ್ಯ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ). ಮಧ್ಯಾಹ್ನ ಹೊಲಕ್ಕೆ ಬುತ್ತಿ. ರೊಟ್ಟಿ, ಮಡಕಿ ಕಾಳು ಇಲ್ಲವೇ ಹೆಸರುಕಾಳು, ಪುಂಡಿಪಲ್ಯ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ. ಚಳಿಗಾಲದಲ್ಲಿ ಹೊಲದ ಬದುವಿನಿಂದ ಕಿತ್ತ ಹಕ್ಕರಕಿ, ಹಸಿ ಮೆಂತ್ಯ, ಮೂಲಂಗಿ. ರಾತ್ರಿ ರೊಟ್ಟಿ, ಝುಣಕ, ಕೊನೆಗೆ ಒಂದು ಮುಷ್ಟಿ ಅನ್ನ. ಅನ್ನ ಅಂದರೆ ಕೊನೆಗೆ ಬಾಯಿ ತಿರುಗಿಸಲಿಕ್ಕೆ.

ಬಲಗಡೆ ಬೆಂಗಳೂರು. ಬೆಳಿಗ್ಗೆ ಚಿತ್ರಾನ್ನ ಇಲ್ಲವೇ ಇಡ್ಲಿ ಇಲ್ಲವೇ ಪೊಂಗಲ್. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನ ಸಾಂಬಾರ್, ಅನ್ನ ರಸಂ, ಅನ್ನ ಮಜ್ಜಿಗೆ. ಸಂಜೆ ಟೀ ಜೊತೆ ಬಿಸ್ಕೆಟ್. ರಾತ್ರಿ ಅನ್ನ ಸಾರು. ಪಲ್ಯ ಎರಡು ಚಮಚ.

ಬರೆದು ಮುಗಿಸಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ನಗರಕ್ಕೆ ಬಂದು ಜನ ಹಾಳಾಗೋದು ಜಂಕ್ ಫುಡ್‌ನಿಂದ ಅಂತಾರೆ. ನನ್ನ ಪಟ್ಟಿಯಲ್ಲಿ ಜಂಕ್ ಅನ್ನೋದು ಬಿಸ್ಕೆಟ್ ಬಿಟ್ಟರೆ ಇರಲೇ ಇಲ್ಲ. ಎಲ್ಲವೂ ಸಾತ್ವಿಕ, ಎಲ್ಲವೂ ಮನೆಯ ಊಟದಂಥದ್ದೇ. ಆದರೆ ಅಂಚಿನಲ್ಲಿದ್ದ ಅನ್ನ ನಡುವಿಗೆ ಬಂದಿತ್ತು. ಕಾಳು, ಸೊಪ್ಪು, ಹಿಂಡಿ ಎಲ್ಲ ತಟ್ಟೆ ಬಿಟ್ಟು ಹೋಗಿದ್ದವು.

ಹೀಗೆ ಆಗಿದ್ದು ಸೋಮಾರಿತನದಿಂದ ಅಲ್ಲ. ಪಿಜಿಯಲ್ಲಿ ನೂರು ಜನಕ್ಕೆ ರೊಟ್ಟಿ ಬಡಿಯುವವರು ಯಾರು? ಅನ್ನಕ್ಕೆ ನೀರಿಟ್ಟರೆ ಆಯಿತು. ಮದುವೆಯಾದ ಮೇಲೆ ಇನ್ನೊಂದು ಕಾರಣ ಸೇರಿತು. ನನ್ನ ಹೆಂಡತಿ ಕುಣಿಗಲ್ ಕಡೆಯವಳು. ಅವಳಿಗೆ ಮುದ್ದೆ ಇಳಿಯುತ್ತದೆ, ರೊಟ್ಟಿ ಬಡಿಯಲಿಕ್ಕೆ ಬರಲ್ಲ. ನನಗೆ ಮುದ್ದೆ ನುಂಗಲಿಕ್ಕೆ ಬರಲ್ಲ. ಇಬ್ಬರಿಗೂ ಜಗಳ ಇಲ್ಲದೆ ಹೊಂದಿದ್ದು ಅನ್ನ. ರಾಗಿ ಸೀಮೆಯವಳೂ ಜೋಳದ ಸೀಮೆಯವನೂ ಸೇರಿ ಇಪ್ಪತ್ತೈದು ಕೆಜಿ ಸೋನಾ ಮಸೂರಿ ಮೂಟೆ ತರುತ್ತಿದ್ದೆವು. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬಹುದು, ಅಲ್ವಾ?

ಈ ಹೊತ್ತಿಗೆ ಓದಿದ್ದು ಇಂಡಿಯನ್ ಮೈಗ್ರೇಶನ್ ಸ್ಟಡಿ ಅನ್ನುವ ಅಧ್ಯಯನದ ಬಗ್ಗೆ. 2005ರಿಂದ 2007ರವರೆಗೆ ಲಕ್ನೋ, ನಾಗ್ಪುರ, ಹೈದರಾಬಾದ್, ಬೆಂಗಳೂರಿನ ಕಾರ್ಖಾನೆಗಳಲ್ಲಿ ಮಾಡಿದ್ದು. ಬೆಂಗಳೂರಿನಲ್ಲಿ ಅದು ನಮ್ಮ ಪಕ್ಕದ ಎಚ್‌ಎಂಟಿ. ಹಳ್ಳಿಯಿಂದ ಬಂದ ನೌಕರರನ್ನು ಊರಲ್ಲೇ ಉಳಿದ ಅವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿದರು. ಅದೇ ರಕ್ತ, ಅದೇ ತಾಯಿಯ ಕೈ ತುತ್ತು. ಊರಲ್ಲಿ ಉಳಿದ ಗಂಡಸರಲ್ಲಿ ಸಕ್ಕರೆ ಕಾಯಿಲೆ 6.2%, ನಗರಕ್ಕೆ ಬಂದವರಲ್ಲಿ 14.3%. ಅಂದರೆ ಎರಡು ಪಟ್ಟಿಗಿಂತ ಜಾಸ್ತಿ. ಬಂದ ಮೊದಲ ವರ್ಷಗಳಲ್ಲೇ ಮೈಯಲ್ಲಿ ಕೊಬ್ಬು ಬೇಗ ಸೇರುತ್ತದೆ, ಬಿಪಿ ಮತ್ತು ಇನ್ಸುಲಿನ್ ತೊಂದರೆ ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಏರುತ್ತವೆ ಅಂತಲೂ ಕಂಡುಕೊಂಡರು. ಒಂದು ವಿಚಿತ್ರ, ಅದರಲ್ಲಿ ಹಣ್ಣು ತರಕಾರಿ ಜಾಸ್ತಿ ತಿನ್ನುತ್ತಿದ್ದವರು ನಗರದವರೇ. ನನ್ನದು ಉಲ್ಟಾ. ಅವರು ಸಂಸಾರವಂದಿಗರು, ನಾನು ವರ್ಷಾನುಗಟ್ಟಲೆ ಪಿಜಿಯವನು, ಅದಕ್ಕಿರಬಹುದು.

ಡಾಕ್ಟರ್ ಮೂರು-ನಾಲ್ಕು ತಿಂಗಳು ಮಾತ್ರೆ ಇಲ್ಲದೆ ನೋಡೋಣ ಅಂದರು. ಚೆನ್ನೈನಲ್ಲಿ ಗಡಿಯಲ್ಲಿರುವವರ ಮೇಲೆ ಮೂರು ವರ್ಷ ಮಾಡಿದ ಅಧ್ಯಯನದಲ್ಲಿ ಊಟ ಮತ್ತು ನಡಿಗೆ ತಿದ್ದಿಕೊಂಡವರಿಗೆ ಕಾಯಿಲೆ ಬರುವ ಅಪಾಯ ಸುಮಾರು 28% ಇಳಿದಿತ್ತಂತೆ, ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಿಗೂ ಹೆಚ್ಚುಕಮ್ಮಿ ಅಷ್ಟೇ. ಇದು ನನ್ನ ವಿಷಯ. ನಿಮ್ಮ ಡಾಕ್ಟರ್ ಮಾತ್ರೆ ಬೇಕು ಅಂದರೆ ನನ್ನ ಬರಹ ತೋರಿಸಿ ವಾದ ಮಾಡಬೇಡಿ.

ಇನ್ನೇನು, ಜೋಳಕ್ಕೆ ಹೋದರೆ ಆಯಿತು ಅಂದುಕೊಂಡೆ. ಅಸಲಿ ಒದ್ದಾಟ ಶುರುವಾದದ್ದೇ ಆಗ. ಸೂಪರ್ ಮಾರ್ಕೆಟಿನ ಜೋಳದ ಹಿಟ್ಟು ಯಾವಾಗ ಬೀಸಿದ್ದೋ ಗೊತ್ತಿಲ್ಲ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಊರಿಂದ ಅವ್ವ ಬಿಳಿಜೋಳ ಕಳಿಸಿದಳು. ಬೀಸಲು ಹೋದರೆ ನಮ್ಮ ಏರಿಯಾದ ಗಿರಣಿಯವನು ಐದು ಕೆಜಿಗೆ ಕಮ್ಮಿ ಬೀಸಲ್ಲ ಅಂದ, ಬೀಸಿದ್ದರಲ್ಲಿ ಹಿಂದಿನವರ ಅಕ್ಕಿ ಹಿಟ್ಟು ಸೇರಿತ್ತು. ಮಲ್ಟಿ ಮಿಲೆಟ್ ಅಂತ ಮಾರುವ ಪಾಕೀಟುಗಳ ಹಿಂಬದಿ ಓದಿ ನೋಡಿ. ಎಷ್ಟೋ ಪಾಕೀಟಿನಲ್ಲಿ ಮೊದಲ ಹೆಸರೇ ಗೋಧಿ.

ಕಡೆಗೆ ಲಗ್ಗೆರೆಯಲ್ಲಿ ಕಲಬುರಗಿ ಕಡೆಯ ಒಬ್ಬ ಆಂಟಿ ಸಿಕ್ಕರು. ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾರೆ. ಮೆತ್ತನೆಯದು ಒಂದಕ್ಕೆ 12 ರೂಪಾಯಿ, ಕಟಕ್ ರೊಟ್ಟಿ 10. ವಾರಕ್ಕೊಮ್ಮೆ ಕಟ್ಟು ತರುತ್ತೇನೆ. ಅನ್ನಕ್ಕಿಂತ ಖರ್ಚು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಕಾಳು, ಸೊಪ್ಪು, ರೊಟ್ಟಿ ಸೇರಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಮೇಲೆ ಬಿತ್ತು. ಪಿಜಿಯಲ್ಲಿರುವ ಹುಡುಗರಿಗೆ ಇದು ಸುಲಭ ಅಲ್ಲ.

ಒಂದು ಗ್ಲೂಕೋಮೀಟರ್ ಕೊಂಡೆ. ಮಷಿನ್ ಅಗ್ಗ, ಸ್ಟ್ರಿಪ್ ದುಬಾರಿ, ಒಂದು ಚುಚ್ಚಿಗೆ ಇಪ್ಪತ್ತು ರೂಪಾಯಿ ಹತ್ತಿರ. ಕ್ವಾಲಿಟಿ ವಿಭಾಗದವನು ನಾನು, ಅಳೆಯದೆ ಬಿಡುತ್ತೇನಾ? ಅನ್ನ ಸಾಂಬಾರ್ ಹೊಟ್ಟೆ ತುಂಬ ತಿಂದು ಎರಡು ಗಂಟೆ ಬಿಟ್ಟು ಚುಚ್ಚಿದೆ, 181. ಇನ್ನೊಂದು ದಿನ ಮೂರು ಜೋಳದ ರೊಟ್ಟಿ, ಹಿಂಡಿ, ಎಣ್ಣೆ. 176. ಬೆಚ್ಚಿಬಿದ್ದೆ. ರೊಟ್ಟಿ ಅಂದರೆ ಔಷಧ ಅಂದುಕೊಂಡಿದ್ದೆನಲ್ಲ! ಮತ್ತೊಂದು ದಿನ ಒಂದೂವರೆ ರೊಟ್ಟಿ, ದೊಡ್ಡ ಬಟ್ಟಲು ಮಡಕಿ ಕಾಳು, ಮೆಂತ್ಯ ಸೊಪ್ಪು, ಸೌತೆಕಾಯಿ, ಮೊಸರು, ಊಟ ಆದ ಮೇಲೆ ಕಾಲು ಗಂಟೆ ನಡಿಗೆ. 138.

ಡಾಕ್ಟರ್‌ಗೆ ತೋರಿಸಿದಾಗ ನಕ್ಕರು. ಐಸಿಎಂಆರ್-ಇಂಡಿಯಾಬ್ ಅನ್ನುವ ದೇಶದ ಸಕ್ಕರೆ ಕಾಯಿಲೆ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಬಂದಿದೆ ಅಂದರು. ನಮ್ಮವರ ಶಕ್ತಿಯ ಸುಮಾರು 62% ಬರೋದು ಪಿಷ್ಟ, ಸಕ್ಕರೆಯಿಂದ. ಅಕ್ಕಿ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಅಂತ ಬರೀ ಅದಲು ಬದಲು ಮಾಡಿದರೆ ಅಪಾಯ ಇಳಿಯುವುದು ಕಾಣಲಿಲ್ಲ. ಒಟ್ಟು ಪ್ರಮಾಣ ಇಳಿಸಿ ಆ ಜಾಗಕ್ಕೆ ಕಾಳು, ಬೇಳೆ, ಹಾಲು-ಮೊಸರಿನಂಥ ಪ್ರೋಟೀನ್ ಬಂದರೆ ಉಪಯೋಗ. ಊರಲ್ಲಿ ನಾವು ನಾಲ್ಕು ರೊಟ್ಟಿ ತಿಂದು ಜೀರ್ಣಿಸಿಕೊಳ್ಳುತ್ತಿದ್ದದ್ದು ಹೊಲದ ಕೆಲಸದಿಂದ. ಕುರ್ಚಿಯಲ್ಲಿ ಕೂತವನಿಗೆ ಅಷ್ಟು ರೊಟ್ಟಿ ಯಾಕೆ?

ಇಲ್ಲಿಂದ ಆಮೇಲೆ ದಾರಿ ಸರಳ, ಬೇಸರದ್ದೂ ಹೌದು. ಕ್ಯಾಂಟೀನಿಗೆ ಬುತ್ತಿ ಒಯ್ದೆ. "ಏನ್ರೀ, ಡಯಟ್ಟಾ?" ಅಂತ ಎಲ್ಲರೂ ತಟ್ಟೆ ಇಣುಕಿದರು. ಹದಿನೈದು ದಿನಕ್ಕೆ ನಿಲ್ಲಿಸಿದರು. ಹೆಂಡತಿ ತನಗೆ ಸಣ್ಣ ಮುದ್ದೆ, ಬಸ್ಸಾರು, ಅದರದ್ದೇ ಸೊಪ್ಪು-ಕಾಳಿನ ಪಲ್ಯ ಮಾಡಿಕೊಂಡಳು. ಆ ಪಲ್ಯ ನನ್ನ ರೊಟ್ಟಿಗೂ ಹೊಂದಿತು. ಅನ್ನ ಪೂರ್ತಿ ಬಿಟ್ಟಿಲ್ಲ, ಮೊಸರಿಗೆ ಒಂದು ಮುಷ್ಟಿ ಇದೆ. ರಾತ್ರಿ ನಡಿಗೆಗೆ ದೊಡ್ಡ ಅಡ್ಡಿ ನಮ್ಮ ಬೀದಿ ನಾಯಿಗಳು. ಟೆರೇಸ್ ಮೇಲೆ ಸುತ್ತು ಹಾಕಿದೆ.

ನಾಲ್ಕು ತಿಂಗಳ ಮೇಲೆ ಎಚ್‌ಬಿಎ1ಸಿ 5.8. ಸೊಂಟ 89. ಟ್ರೈಗ್ಲಿಸರೈಡ್ 160ಕ್ಕೆ ಬಂತು. ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗಿಂತ ಮುಂಚೆ ಮಾಡಿಸಿ ದುಡ್ಡು ಕಳೆಯಬೇಡಿ, ಹಳೆಯ ರಕ್ತಕಣಗಳೇ ಇನ್ನೂ ಓಡಾಡುತ್ತಿರುತ್ತವೆ. ನನಗೆ ಒಂದು ಸಲಕ್ಕೆ 450 ರೂಪಾಯಿ ಬಿತ್ತು. ಬರೀ ಶುಗರ್, ಬಿಪಿ ನೋಡಿಸಲು ಸರ್ಕಾರದ "ನಮ್ಮ ಕ್ಲಿನಿಕ್"ಗೆ ಹೋಗಿ, ಅಲ್ಲಿ ಉಚಿತ.

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡಾಯಿತು. "ನಿಮಗೇನು ಬಿಡಪ್ಪ, ಊರಾಗ ಇರೋರು" ಅಂತ ಅಣ್ಣನಿಗೆ ಅಂದೆ. ಅವ್ವ ನಕ್ಕಳು. "ಎಲ್ಲಿ ರೊಟ್ಟಿ, ಎಲ್ಲಿ ಏನು? ನಿಮ್ಮ ವೈನಿಗೂ (ಅತ್ತಿಗೆಗೂ) ಬಡಿಯಾಕ ಬ್ಯಾಸರ. ರೇಶನ್ ಅಕ್ಕಿ ಬರ್ತೈತಿ, ಹೊಲದಾಗ ತೊಗರಿ, ಕಬ್ಬು ಹಾಕ್ಯಾರ. ಜ್ವಾಳಾನ ಕೊಂಡು ತರೂದು." ನಿಜವೇ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಹಸಿವು ನೀಗಿದ್ದು ದೊಡ್ಡ ಮಾತು, ಅದನ್ನು ಹಗುರ ಮಾಡಲ್ಲ. ಆದರೆ ನಾನು ಬೆಂಗಳೂರಿಗೆ ಬಂದು ಅನ್ನಕ್ಕೆ ಬಿದ್ದರೆ, ಅಣ್ಣ ಊರಲ್ಲೇ ಕೂತು ಬಿದ್ದಿದ್ದ. ನೇಗಿಲು ಹೋಗಿ ಟ್ರ್ಯಾಕ್ಟರ್ ಬಂದಿದೆ. ದಿನಕ್ಕೆ ಐದಾರು ಸಲ ಸಕ್ಕರೆ ಸುರಿದ ಚಹಾ.

ಒತ್ತಾಯ ಮಾಡಿ ಸಿಂದಗಿಯಲ್ಲಿ ಅವನ ರಕ್ತ ಕೊಡಿಸಿದೆ. ಎಚ್‌ಬಿಎ1ಸಿ 6.1. "ಏನೂ ಆಗಿಲ್ಲ ನನಗ" ಅಂತ ಎರಡು ದಿನ ಮಾತೇ ಬಿಟ್ಟ. ಇಂಡಿಯಾಬ್ ಲೆಕ್ಕವೂ ಇದನ್ನೇ ಹೇಳುತ್ತದೆ. ಸಕ್ಕರೆ ಕಾಯಿಲೆ ನಗರದಲ್ಲಿ 16.4%, ಹಳ್ಳಿಯಲ್ಲಿ 8.9%. ಆದರೆ ಗಡಿಯಲ್ಲಿರುವವರು ನಗರದಲ್ಲಿ 15.4%, ಹಳ್ಳಿಯಲ್ಲಿ 15.2%. ಎಚ್‌ಎಂಟಿ ಕಾಲದ ಅಂತರ ಕರಗುತ್ತಿದೆ ಅನ್ನಿಸುತ್ತದೆ ನನಗೆ. ನೀವು ಪರೀಕ್ಷೆ ಮಾಡಿಸಿದರೆ ಊರಲ್ಲಿರುವ ಅಣ್ಣತಮ್ಮಂದಿರನ್ನೂ ಕರೆದುಕೊಂಡು ಹೋಗಿ.

ಇನ್ನು ವಿಮೆ. ಆರು ತಿಂಗಳು ಕಳೆದ ಮೇಲೆ ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಿದೆ. ಹಳೆಯ ವರದಿ, ಹೊಸ ವರದಿ, ಡಾಕ್ಟರ್ ಚೀಟಿ, ಮಾತ್ರೆ ಇಲ್ಲದೆ ಇಳಿದಿದೆ ಅನ್ನುವ ಅವರ ಪತ್ರ ಎಲ್ಲ ನಾನೇ ಮೊದಲೇ ಕೊಟ್ಟೆ. ಮತ್ತೆ ರಕ್ತ, ಮತ್ತೆ ಇಸಿಜಿ, ಮತ್ತೆ ಕಾಯುವುದು. ಈ ಸಲ ಬಂದದ್ದು 25% ಹೆಚ್ಚಿನ ಪ್ರೀಮಿಯಂನ ಪ್ರಸ್ತಾಪ. ಒಪ್ಪಿಗೆ ಕೊಡಲು ಅದರಲ್ಲಿ ಗಡುವು ಇರುತ್ತದೆ, ಮೇಲ್ ನೋಡದೆ ಬಿಟ್ಟರೆ ಅರ್ಜಿ ರದ್ದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ವಿಮೆಯ ಮೇಲಿನ 18% ಜಿಎಸ್‌ಟಿ ತೆಗೆದಿದ್ದಾರೆ, ಹಾಗಾಗಿ ಕೈಯಿಂದ ಹೋಗುವುದು ಮೊದಲ ಲೆಕ್ಕಕ್ಕಿಂತ ಸ್ವಲ್ಪವೇ ಜಾಸ್ತಿ. ಒಪ್ಪಿಕೊಂಡೆ.

ಪಾಲಿಸಿ ಬಂದ ಮೇಲೆ 30 ದಿನ ಓದಿ ನೋಡಿ ವಾಪಸ್ ಕೊಡುವ ಅವಕಾಶ ಇರುತ್ತದೆ. ನಾನು ಈಗ ಅದರೊಳಗೇ ಇದ್ದೇನೆ. ಅರ್ಜಿಯ ಪ್ರತಿಯಲ್ಲಿ ಏಜೆಂಟ್ ತುಂಬಿದ ಆರೋಗ್ಯದ ಉತ್ತರಗಳನ್ನು ಒಂದೊಂದಾಗಿ ನೋಡಿದೆ. ಒಂದು ಕಡೆ "ಹಿಂದೆ ಮುಂದೂಡಲಾಗಿದೆಯೇ" ಅನ್ನುವಲ್ಲಿ "ಇಲ್ಲ" ಅಂತ ಇತ್ತು. ತಿದ್ದುಪಡಿಗೆ ನಿನ್ನೆ ಮೇಲ್ ಹಾಕಿದ್ದೇನೆ, ಸ್ವೀಕೃತಿ ಸಂಖ್ಯೆ ಬಂದಿದೆ. ನಿಮ್ಮ ಪಾಲಿಸಿ ಕಪಾಟಿನಲ್ಲಿದ್ದರೆ ಆ ಪುಟವನ್ನು ಇವತ್ತೇ ತೆಗೆದು ನೋಡಿ.